ಅಪ್‌ಡೇಟ್: ಅತ್ತೆಯ ಪುಸ್ತಕದಂಗಡಿಗೆ ಕೊನೆಗೂ ವರ್ಡ್‌ಪ್ರೆಸ್

ಎರಡು ತಿಂಗಳ ಹಿಂದೆ ಕೇಳಿದ್ದೆ: ಬಸವನಗುಡಿಯಲ್ಲಿರುವ ನಮ್ಮ ಅತ್ತೆಯ ಪುಸ್ತಕದಂಗಡಿಗೆ ವೆಬ್‌ಸೈಟ್ ಮಾಡಬೇಕು, ಅದನ್ನು ಕಟ್ಟುವ ತಂತ್ರಾಂಶಗಳಾದ ವರ್ಡ್‌ಪ್ರೆಸ್, ಜೂಮ್ಲಾ, ಡ್ರುಪಲ್ ಇವುಗಳಲ್ಲಿ ಯಾವುದು ಸರಿ ಅಂತ. ಮೂರನ್ನೂ ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿದೆ. ಮೂರೂ ಉಚಿತ.

ಕನ್ನಡ, ಇಂಗ್ಲಿಷ್ ಎರಡರಲ್ಲೂ ಪುಟ ಬೇಕು ಅಂದರೆ ಜೂಮ್ಲಾ, ಡ್ರುಪಲ್ ಮುಂದಿವೆ. ಆ ಸೌಲಭ್ಯ ಅವುಗಳ ಒಳಗೇ ಇದೆ. ವರ್ಡ್‌ಪ್ರೆಸ್‌ಗೆ ಬೇರೆ ಪ್ಲಗಿನ್ (ಸೇರಿಸಿಕೊಳ್ಳುವ ಹೆಚ್ಚುವರಿ ತಂತ್ರಾಂಶ) ಬೇಕು. ಆದರೂ ಅದನ್ನೇ ಆರಿಸಿಕೊಂಡೆ. ಕಾರಣ ಅತ್ತೆ. ಮೂರರಲ್ಲೂ ಒಂದೊಂದು ಪುಸ್ತಕದ ವಿವರ ಹಾಕಿ ನೋಡಿ ಅಂದೆ. ವರ್ಡ್‌ಪ್ರೆಸ್‌ನಲ್ಲಿ ಮಾತ್ರ ನನ್ನನ್ನು ಕರೆಯದೆ ಮುಗಿಸಿದರು. ದಿನಾ ಬಳಸುವವರು ಅವರೇ ಅಲ್ವಾ?

ಎರಡು ತೊಂದರೆ ಬಂದವು. ಥೀಮಿನಲ್ಲಿ, ಅಂದರೆ ಸೈಟಿನ ಸಿದ್ಧ ವಿನ್ಯಾಸದಲ್ಲಿ, ಸಾಲುಗಳ ನಡುವೆ ಜಾಗ ಕಡಿಮೆ ಇತ್ತು, 'ಸ್ತ್ರೀ' ಪದದ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತಿತ್ತು. ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿ, ಲೈನ್ ಹೈಟ್ 1.7 ಮಾಡಿದ ಮೇಲೆ ಸರಿಹೋಯಿತು. ಇನ್ನೊಂದು ಜಾಸ್ತಿ ಕಾಡಿತು. ಕನ್ನಡ ಶೀರ್ಷಿಕೆ ಕೊಟ್ಟರೆ ಪುಟದ ವಿಳಾಸವೂ ಕನ್ನಡದಲ್ಲೇ ಆಗುತ್ತದೆ. ಅದನ್ನು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಶೇಕಡಾ ಚಿಹ್ನೆ, ಇಂಗ್ಲಿಷ್ ಅಕ್ಷರ, ಅಂಕಿಗಳ ಉದ್ದ ಸಾಲು. ಒಂದು 'ಕ'ಗೇ %E0%B2%95 ಅಂತ ಒಟ್ಟು 9 ಚಿಹ್ನೆ ಬೇಕು. ವರ್ಡ್‌ಪ್ರೆಸ್ ಇಂಥ 200 ಚಿಹ್ನೆಗೆ ಕತ್ತರಿಸುವುದರಿಂದ ಉದ್ದದ ಹೆಸರು ಅರ್ಧಕ್ಕೇ ನಿಲ್ಲುತ್ತದೆ. ಈಗ ಪ್ರಕಟಿಸುವ ಮೊದಲೇ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಬರೆಯುತ್ತೇವೆ.

ಆಗ ಬ್ಯಾಕಪ್ (ಸೈಟಿನ ನಕಲು) ಮರೀಬೇಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಪ್ರತಿ ಭಾನುವಾರ ತೆಗೆಯುತ್ತಿದ್ದೇವೆ. ಮೊನ್ನೆ ಜಯನಗರದಿಂದ ಮೊದಲ ಆರ್ಡರ್ ಬಂತು, ಅತ್ತೆಯೇ ಪ್ಯಾಕ್ ಮಾಡಿದರು.