ರೀಸೈಕಲ್ ಬಿನ್ ಖಾಲಿ ಮಾಡುವ ಮುಂಚೆ ಒಳಗಿನ ಫೈಲ್ ತೆರೆದು ನೋಡುವುದು ಹೇಗೆ?

ಪ್ರಶ್ನೆ: ನಮ್ಮದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ಕರಪತ್ರ, ಸೊಸೈಟಿಗಳ ವಾರ್ಷಿಕ ವರದಿ ಮಾಡುತ್ತೇವೆ. ಡಿ ಡ್ರೈವ್ ತುಂಬಿದೆ ಅಂತ ಕೆಲಸದ ಹುಡುಗ ಹಳೇ ಫೈಲ್‌ಗಳನ್ನೆಲ್ಲ ಡಿಲೀಟ್ ಮಾಡಿದ್ದಾನೆ. ಈಗ ಬಿನ್ ತುಂಬ ಫೈಲ್. ಖಾಲಿ ಮಾಡದೆ ಜಾಗ ಸಿಗುವುದಿಲ್ಲ, ಖಾಲಿ ಮಾಡಿದರೆ ಬೇಕಾದದ್ದೂ ಹೋದೀತು ಅಂತ ಭಯ. ಡಬಲ್ ಕ್ಲಿಕ್ ಮಾಡಿದರೆ ಫೈಲ್ ತೆರೆಯುವುದಿಲ್ಲ, ಬರೀ ಪ್ರಾಪರ್ಟೀಸ್ ಬರುತ್ತದೆ. ವಿಂಡೋಸ್ 10 ಇದೆ. ಏನು ಮಾಡಲಿ?

ಉತ್ತರ: ಖಾಲಿ ಮಾಡುವ ಮುಂಚೆ ಕೇಳಿದ್ದು ಒಳ್ಳೆಯದಾಯಿತು. ನನ್ನ ಹತ್ತಿರ ಡೇಟಾ ರಿಕವರಿಗೆ ಬರುವವರಲ್ಲಿ ಹೆಚ್ಚಿನವರು ಆಮೇಲೆ ಬರುತ್ತಾರೆ.

ಬಿನ್‌ನಲ್ಲಿ ಇರುವಷ್ಟು ಹೊತ್ತು ಫೈಲ್ ತೆರೆಯಲು ವಿಂಡೋಸ್ ಬಿಡುವುದಿಲ್ಲ. ಆದರೆ ಫೈಲ್‌ಗೆ ಏನೂ ಆಗಿರುವುದಿಲ್ಲ. ಅದೇ ಡ್ರೈವ್‌ನಲ್ಲಿ ಅಡಗಿರುವ ಒಂದು ಫೋಲ್ಡರ್‌ಗೆ ಹೆಸರು ಬದಲಾಗಿ ಹೋಗಿರುತ್ತದೆ, ಅಷ್ಟೇ. ಅಲ್ಲಿ ಒಂದೊಂದಕ್ಕೂ ಎರಡೆರಡು ಫೈಲ್ ಇರುತ್ತವೆ. $ಆರ್ ಅಂತ ಶುರುವಾಗುವುದು ನಿಮ್ಮ ಅಸಲಿ ಫೈಲ್. $ಐ ಅಂತ ಶುರುವಾಗುವುದರಲ್ಲಿ ಹಳೇ ಹೆಸರು, ಇದ್ದ ಜಾಗ, ಗಾತ್ರ, ಡಿಲೀಟ್ ಆದ ಸಮಯ ಬರೆದಿರುತ್ತದೆ. ಡಿ ಡ್ರೈವ್‌ನಲ್ಲಿ ಜಾಗ ಖಾಲಿಯಾಗದೆ ಇರುವುದಕ್ಕೂ ಇದೇ ಕಾರಣ. ಫೈಲ್ ಇನ್ನೂ ಅಲ್ಲೇ ಇದೆ.

ಮೊದಲು ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರಲ್ಲಿ ಸ್ಟೋರೇಜ್‌ಗೆ ಹೋಗಿ ಸ್ಟೋರೇಜ್ ಸೆನ್ಸ್ ಆಫ್ ಮಾಡಿ. ಅದು ಆನ್ ಇದ್ದರೆ ಹಳೇ ಫೈಲ್‌ಗಳನ್ನು ಬಿನ್‌ನಿಂದ ತಾನೇ ತೆಗೆದು ಹಾಕಬಹುದು. ಈ ಕೆಲಸ ಮುಗಿಯುವ ತನಕ ಆ ಡ್ರೈವ್‌ನಲ್ಲಿ ಬೇರೇನೂ ಡಿಲೀಟ್ ಮಾಡಬೇಡಿ. ಬಿನ್‌ಗೆ ಇಷ್ಟೇ ಅಂತ ಮಿತಿ ಇದೆ. ಮಿತಿ ಮೀರಿದರೆ ಹಳೆಯವು ಸದ್ದಿಲ್ಲದೆ ಹೋಗುತ್ತವೆ.

ಆಮೇಲೆ ಬಿನ್ ತೆರೆದು ವ್ಯೂನಲ್ಲಿ ಡೀಟೇಲ್ಸ್ ಹಾಕಿ. ಒರಿಜಿನಲ್ ಲೊಕೇಶನ್ ಅನ್ನುವ ಕಾಲಮ್ ಮೇಲೆ ಕ್ಲಿಕ್ ಮಾಡಿದರೆ ಒಂದೇ ಫೋಲ್ಡರ್‌ನಿಂದ ಬಂದವು ಒಟ್ಟಿಗೆ ನಿಲ್ಲುತ್ತವೆ. ಯಾವುದು ಯಾವ ಪಾರ್ಟಿಯ ಕೆಲಸ ಅಂತ ಇಲ್ಲೇ ಅರ್ಧ ಗೊತ್ತಾಗುತ್ತದೆ. ಫೋಟೋಗಳಾದರೆ ಎಕ್ಸ್ಟ್ರಾ ಲಾರ್ಜ್ ಐಕಾನ್ಸ್ ಹಾಕಿ, ಚಿತ್ರ ಅಲ್ಲೇ ಕಾಣುತ್ತದೆ.

ಉಳಿದವನ್ನು ತೆರೆದೇ ನೋಡಬೇಕು. ಅದಕ್ಕೆ ರಿಸ್ಟೋರ್ ಒತ್ತಬೇಡಿ. ರಿಸ್ಟೋರ್ ಮಾಡಿದರೆ ಫೈಲ್ ಹಳೇ ಜಾಗಕ್ಕೆ ವಾಪಸ್ ಹೋಗುತ್ತದೆ. ಅಲ್ಲಿ ಅದೇ ಹೆಸರಿನ ಹೊಸ ಫೈಲ್ ಇದ್ದರೆ ಬದಲಿಸಲಾ ಅಂತ ಕೇಳುತ್ತದೆ. ಅವಸರದಲ್ಲಿ ಹೂಂ ಅಂದರೆ ಹೊಸದು ಹೋಯಿತು. ಬದಲಿಗೆ ಡಿ ಡ್ರೈವ್‌ನಲ್ಲೇ ‘ನೋಡಬೇಕು’ ಅಂತ ಒಂದು ಫೋಲ್ಡರ್ ಮಾಡಿ. ಬಿನ್‌ನಲ್ಲಿ ಒಂದು ಗುಂಪನ್ನು ಸೆಲೆಕ್ಟ್ ಮಾಡಿ, ಕಟ್ ಮಾಡಿ, ಅಲ್ಲಿ ಪೇಸ್ಟ್ ಮಾಡಿ. ಹಳೇ ಹೆಸರಿನಲ್ಲೇ ಬರುತ್ತವೆ, ಆರಾಮಾಗಿ ತೆರೆದು ನೋಡಬಹುದು. ಡೆಸ್ಕ್‌ಟಾಪ್‌ನಲ್ಲಿ ಈ ಫೋಲ್ಡರ್ ಮಾಡಬೇಡಿ. ಅದು ಸಾಮಾನ್ಯವಾಗಿ ಸಿ ಡ್ರೈವ್, ಅಷ್ಟೂ ಫೈಲ್ ಕಾಪಿಯಾಗಿ ಸಿ ತುಂಬಿಬಿಡುತ್ತದೆ. ಡಿಯಿಂದ ಡಿಗೆ ಆದರೆ ಸರಿಸುವುದಷ್ಟೇ, ಜಾಸ್ತಿ ಹೊತ್ತು ಹಿಡಿಯುವುದಿಲ್ಲ.

ಡಿಸೈನ್ ಮಾಡುವ ಕೋರೆಲ್ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುತ್ತೀರಿ ಅಲ್ವಾ? ‘ಬ್ಯಾಕಪ್ ಆಫ್’ ಅಂತ ಶುರುವಾಗುವ ಫೈಲ್ ತುಂಬ ಸಿಗುತ್ತವೆ. ಅದನ್ನು ಕೋರೆಲ್ ತಾನೇ ಮಾಡಿಕೊಳ್ಳುತ್ತದೆ. ಅಸಲಿ ಫೈಲ್ ಸರಿಯಾಗಿ ತೆರೆಯುತ್ತದೆ ಅಂತ ನೋಡಿಕೊಂಡ ಮೇಲಷ್ಟೇ ಬ್ಯಾಕಪ್ ಫೈಲ್ ಅಳಿಸಿ.

ಅದೇ ಸದಸ್ಯರು: ನೀವು ಹೇಳಿದ ಹಾಗೆ ಮಾಡಿದೆ. ಒಂದಷ್ಟು ವರ್ಡ್ ಫೈಲ್ ತೆರೆದರೆ ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಮೇಲೆ ಗೀಟು, ಚುಕ್ಕಿ. ಕರಪ್ಟ್ ಆಗಿವೆ. ಇವನ್ನು ಅಳಿಸಬಹುದಾ?

ಉತ್ತರ: ದಯವಿಟ್ಟು ಬೇಡ! ಅವು ಕೆಟ್ಟಿಲ್ಲ, ಅವು ಕನ್ನಡ ಫೈಲ್‌ಗಳು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಕ್ಕೂ ಅದರದ್ದೇ ಕೋಡ್ ಕೊಡುವ ಈಗಿನ ಪದ್ಧತಿ) ಬಳಕೆಗೆ ಬರುವ ಮುಂಚೆ ನುಡಿ, ಬರಹ, ಶ್ರೀಲಿಪಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳಲ್ಲಿ ಮಾಡಿದ ಫೈಲ್‌ಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಕೋಡ್. ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ವಿಂಡೋಸ್ ಹೊಸದಾಗಿ ಹಾಕಿಸಿ ಆ ಫಾಂಟ್ ಹಾಕದೆ ಇದ್ದರೆ ಹೀಗೇ ಕಾಣುತ್ತದೆ. ಊರಿನ ಸಂಘದ ಹತ್ತು ವರ್ಷದ ವರದಿ, ಮೇಷ್ಟ್ರು ಟೈಪ್ ಮಾಡಿಸಿದ ಹಸ್ತಪ್ರತಿ, ಎಲ್ಲ ಹೀಗೇ ಕಸ ಅಂತ ಹೋಗುತ್ತಿವೆ. ಇನ್ನೊಂದು ಪ್ರತಿ ಎಲ್ಲೂ ಇರುವುದಿಲ್ಲ.

ನುಡಿ ಹಾಕಿಕೊಳ್ಳಿ. ವರ್ಡ್‌ನಲ್ಲಿ ಪೂರ್ತಿ ಸೆಲೆಕ್ಟ್ ಮಾಡಿ ‘ನುಡಿ 01 ಇ’ ಫಾಂಟ್ ಕೊಡಿ. ನುಡಿಯಲ್ಲಿ ಮಾಡಿದ್ದಾದರೆ ಅಕ್ಷರ ಅಲ್ಲೇ ಕನ್ನಡವಾಗುತ್ತದೆ. ಆಗಲೂ ಸರಿಯಾಗದಿದ್ದರೆ ಶ್ರೀಲಿಪಿ ಇರಬಹುದು, ಅದಕ್ಕೆ ಅದರದ್ದೇ ಫಾಂಟ್ ಬೇಕು. ಉಳಿಸಿಕೊಳ್ಳುವುದನ್ನು ಯೂನಿಕೋಡ್‌ಗೆ ಬದಲಿಸಿ ಇನ್ನೊಂದು ಪ್ರತಿ ಇಟ್ಟುಕೊಳ್ಳಿ. ಗಾತ್ರ 0 ಕೆಬಿ ಅಂತ ಇರುವ ಫೈಲ್‌ನಲ್ಲಿ ಮಾತ್ರ ನಿಜವಾಗಿ ಏನೂ ಇರುವುದಿಲ್ಲ, ಅದನ್ನು ಅಳಿಸಿ.

ಇನ್ನೊಬ್ಬರು: ಬಿನ್‌ನಲ್ಲಿ ಪೂರ್ತಿ ಫೋಲ್ಡರ್ ಇದೆ. ಒಳಗೆ ಏನಿದೆ ಅಂತ ಅಲ್ಲೇ ನೋಡಬಹುದಾ? ಪೆನ್ ಡ್ರೈವ್‌ನಿಂದ ಅಳಿಸಿದ್ದೂ ಅಲ್ಲೇ ಇರುತ್ತದಾ?

ಉತ್ತರ: ಫೋಲ್ಡರ್ ಒಳಗೆ ಇಣುಕಲು ಬಿಡುವುದಿಲ್ಲ. ಅದನ್ನೂ ಕಟ್ ಮಾಡಿ ಹೊರಗೆ ತಂದೇ ನೋಡಬೇಕು. ಪೆನ್ ಡ್ರೈವ್‌ನಿಂದ ಅಳಿಸಿದ್ದು ಸಾಮಾನ್ಯವಾಗಿ ಬಿನ್‌ಗೆ ಬರುವುದಿಲ್ಲ, ನೇರ ಹೋಗುತ್ತದೆ. ಶಿಫ್ಟ್ ಹಿಡಿದು ಡಿಲೀಟ್ ಒತ್ತಿದರೂ ಅಷ್ಟೇ.

ಮತ್ತೊಬ್ಬರು: ನನ್ನದು ಮ್ಯಾಕ್.

ಉತ್ತರ: ನಿಮ್ಮದು ಸುಲಭ. ಟ್ರ್ಯಾಶ್‌ನಲ್ಲಿ ಫೈಲ್ ಸೆಲೆಕ್ಟ್ ಮಾಡಿ ಸ್ಪೇಸ್ ಬಾರ್ ಒತ್ತಿ, ಅಲ್ಲೇ ಕಾಣುತ್ತದೆ. ಬೇಕಿದ್ದರೆ ಪುಟ್ ಬ್ಯಾಕ್ ಒತ್ತಿ. 30 ದಿನದ ನಂತರ ಟ್ರ್ಯಾಶ್‌ನಿಂದ ತಾನೇ ಅಳಿಸುವ ಆಯ್ಕೆ ಫೈಂಡರ್‌ನಲ್ಲಿದೆ. ಅದು ಆನ್ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ. ಹಳೇ ನುಡಿ ಫೈಲ್ ಅಲ್ಲೂ ಗೀಟು, ಚುಕ್ಕಿಯಾಗಿಯೇ ಕಾಣುತ್ತದೆ, ನೆನಪಿರಲಿ.

ಮತ್ತೊಂದು ಪ್ರಶ್ನೆ: ನಾನು ನಿನ್ನೆಯೇ ಖಾಲಿ ಮಾಡಿಬಿಟ್ಟೆ ಸಾರ್. ದಾರಿ ಇದೆಯಾ?

ಉತ್ತರ: ತಟ್ಟೆ ತಿರುಗುವ ಹಳೇ ಮಾದರಿಯ ಹಾರ್ಡ್ ಡಿಸ್ಕ್ ಆದರೆ ಆಸೆ ಇದೆ. ಈಗಲೇ ಆ ಡ್ರೈವ್ ಬಳಸುವುದನ್ನು ನಿಲ್ಲಿಸಿ. ಹೊಸದಾಗಿ ಬರೆಯುವುದು ಹಳೆಯದರ ಮೇಲೆ ಕೂರುತ್ತದೆ. ರೆಕುವಾ ಅಥವಾ ಫೋಟೋರೆಕ್ ಅನ್ನುವ ರಿಕವರಿ ಸಾಫ್ಟ್‌ವೇರ್ ಬಳಸಬಹುದು. ಆದರೆ ಸಾಫ್ಟ್‌ವೇರ್ ಹಾಕುವುದೂ, ಸಿಕ್ಕ ಫೈಲ್ ಉಳಿಸುವುದೂ ಬೇರೆ ಡ್ರೈವ್‌ನಲ್ಲಿ. ಫೋಟೋರೆಕ್‌ನಲ್ಲಿ ಹಳೇ ಹೆಸರು ಉಳಿಯುವುದಿಲ್ಲ, ಒಂದೊಂದಾಗಿ ತೆರೆದು ಗುರುತಿಸಬೇಕಾಗುತ್ತದೆ. ಎಸ್‌ಎಸ್‌ಡಿ, ಅಂದರೆ ತಟ್ಟೆ ಬದಲು ಚಿಪ್ ಇರುವ ಡಿಸ್ಕ್ ಆದರೆ ಕಷ್ಟ. ಟ್ರಿಮ್ ಅನ್ನುವ ವ್ಯವಸ್ಥೆ ಅಳಿಸಿದ ಜಾಗವನ್ನು ಬೇಗನೆ ನಿಜವಾಗಿಯೂ ಖಾಲಿ ಮಾಡುತ್ತದೆ. ನಿಮ್ಮದು ಯಾವ ಡಿಸ್ಕ್ ಅಂತ ಹೇಳಿ, ಮುಂದೆ ನೋಡೋಣ.