ಸಸ್ಪೆನ್ಶನ್ ಬುಷ್, ಎಂಜಿನ್ ಮೌಂಟ್: ಬೋರ್ಡಿಗೆ ಕನ್ನಡ ಪದ ಬೇಕು (ಅರ್ಜೆಂಟ್)

ಬೆಂಗಳೂರಿನಿಂದ:

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನನ್ನ ಗೆಳೆಯನೊಬ್ಬನ ಗ್ಯಾರೇಜ್ ಇದೆ. ಸ್ಪೋರ್ಟ್ಸ್ ಕಾರುಗಳನ್ನು ಟ್ರ್ಯಾಕಿನಲ್ಲಿ ಓಡಿಸಲು ರೆಡಿ ಮಾಡಿಕೊಡುತ್ತಾನೆ. ಗಿರಾಕಿಗಳು ಇಲ್ಲಿಂದ ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇಗೆ ಹೋಗುತ್ತಾರೆ, ಇಲ್ಲವೇ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಗೆ. ಬೋರ್ಡಿನಲ್ಲಿ 60 ಪರ್ಸೆಂಟ್ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ, ಅಂತ 2024ರಲ್ಲಿ ಕಾನೂನು ಬಂತಲ್ಲ, ಈಗ ಹಳೇ ಬೋರ್ಡ್ ಇಳಿಸಿ ಹೊಸದು ಹಾಕಬೇಕು. ಫ್ಲೆಕ್ಸ್ ಅಂಗಡಿಯ ಹುಡುಗ ಇಂಗ್ಲಿಷ್ ಸಾಲನ್ನು ಕಂಪ್ಯೂಟರಿಗೆ ಹಾಕಿ ತೆಗೆದುಕೊಟ್ಟದ್ದು ಹೀಗಿದೆ: "ಅಮಾನತು ಪೊದೆಗಳು ಮತ್ತು ಎಂಜಿನ್ ಆರೋಹಣಗಳು".

ನಗಬೇಡಿ. ಶನಿವಾರ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು.

ಕೆಲಸ ಏನು ಅಂತಲೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಸುಮ್ನೆ ಊಹೆ ಮೇಲೆ ಪದ ಕಟ್ಟುತ್ತೀರಿ. ಸಸ್ಪೆನ್ಶನ್ ಅಂದರೆ ಚಕ್ರಗಳನ್ನು ಬಾಡಿಗೆ ಸೇರಿಸಿ ಕುಲುಕು ತಡೆಯುವ ಜೋಡಣೆ. ಅದರಲ್ಲಿ ಚಕ್ರವನ್ನು ಹಿಡಿದಿರುವ ಆರ್ಮ್‌ಗಳು ಬಾಡಿಗೆ ಸೇರುವ ಕಡೆ, ಬೋಲ್ಟಿನ ಸುತ್ತ ರಬ್ಬರ್ ತುಂಬಿದ ಲೋಹದ ಕೊಳವೆ ಇರುತ್ತದೆ. ಅದೇ ಬುಷ್. ಕಂಪನಿಯಿಂದ ಬರುವಾಗ ಅದು ಮೆತ್ತಗಿರುತ್ತದೆ, ಗುಂಡಿಗಳು ಗೊತ್ತಾಗಬಾರದು ಅಂತ. ಟ್ರ್ಯಾಕಿನಲ್ಲಿ ಜೋರಾಗಿ ತಿರುವು ತೆಗೆದುಕೊಂಡಾಗ ಅದೇ ರಬ್ಬರ್ ಅದುಮಿಕೊಂಡು ಚಕ್ರ ನಿಂತ ಕೋನವೇ ಬದಲಾಗುತ್ತದೆ. ಅದಕ್ಕೇ ರಬ್ಬರಿಗಿಂತ ಗಟ್ಟಿಯಾದ ಪಾಲಿಯುರೆಥೇನ್ ಬುಷ್ ಹಾಕುತ್ತಾರೆ, ಇನ್ನೂ ಮುಂದೆ ಹೋದವರು ಲೋಹದ ಗುಂಡು ಬೇರಿಂಗ್ ಹಾಕುತ್ತಾರೆ. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಶಿಯಲ್ (ಎಂಜಿನ್ ಶಕ್ತಿಯನ್ನು ಎರಡೂ ಚಕ್ರಗಳಿಗೆ ಹಂಚುವ ಗೇರ್ ಜೋಡಣೆ) ಕೂತಿರುವುದೂ ರಬ್ಬರಿನ ಮೇಲೆಯೇ. ಅದೇ ಮೌಂಟ್. ಆಕ್ಸಿಲರೇಟರ್ ಒತ್ತಿ ಬಿಟ್ಟು ಮಾಡಿದಂತೆ ಎಂಜಿನ್ ಹೊರಳುತ್ತದೆ, ಕೆಲವು ಕಾರುಗಳಲ್ಲಿ ಗೇರ್ ಲಿವರ್ ಕೂಡ ಅದರ ಜೊತೆ ಕುಣಿಯುತ್ತದೆ, ತಿರುವಿನ ಮಧ್ಯೆ ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಬಿದ್ದರೆ ಎಂಜಿನ್ನೇ ಹೋಯಿತು. ಅಲ್ಲೂ ಗಟ್ಟಿ ಮೌಂಟ್ ಬೇಕು.

ಬೇಕಾದ ಪದ ಎರಡೇ: ಬುಷ್, ಮೌಂಟ್. ಸಸ್ಪೆನ್ಶನ್‌ಗೂ ಸಿಕ್ಕರೆ ಒಳ್ಳೆಯದು.

ಮೈಸೂರಿನಿಂದ:

ಸಸ್ಪೆನ್ಶನ್ ಎಂದರೆ ನಿಲಂಬನ. ಮೌಂಟ್ ಎಂದರೆ ಆಧಾರ. ಯಂತ್ರಾಧಾರ, ನಿಲಂಬನ ವಲಯ ಎಂದು ಬರೆಯಿರಿ. ಇದರಲ್ಲಿ ಚರ್ಚೆಗೆ ಏನಿದೆ?

ತುಮಕೂರಿನಿಂದ:

ಮೇಷ್ಟ್ರೇ, ಪೀಣ್ಯದಲ್ಲಿ "ಯಂತ್ರಾಧಾರ" ಅಂತ ಬೋರ್ಡ್ ಹಾಕಿದರೆ ಆಧಾರ್ ಕಾರ್ಡ್ ತಿದ್ದುಪಡಿಗೆ ಜನ ಸಾಲು ನಿಲ್ಲುತ್ತಾರೆ. ನಿಲಂಬನ ಅಂತೂ ಹಿಂದಿ ಕಚೇರಿಯ ಮಾತು, ಅಲ್ಲೂ ಅದರ ಅರ್ಥ ನೌಕರನನ್ನು ಅಮಾನತು ಮಾಡುವುದೇ. ಕಂಪ್ಯೂಟರ್ ಕೊಟ್ಟ ಉತ್ತರಕ್ಕೂ ನಿಮ್ಮದಕ್ಕೂ ಏನು ವ್ಯತ್ಯಾಸ?

ಶಿವಮೊಗ್ಗದಿಂದ:

ಕನ್ನಡದ ಬೋರ‍್ಡಿಗೆ ಕನ್ನಡದ ಪದ ಕೇಳಿದರೆ ಸಂಸ್ಕ್ರುತದ ಮೂಟೆ ಬಿಚ್ಚುವ ಚಾಳಿ ಇನ್ನೂ ಬಿಟ್ಟಿಲ್ಲ. ನಮ್ಮ ಎತ್ತಿನ ಬಂಡಿ ಕಟ್ಟಿದ ಬಡಗಿ ಯಾವ ಪಾಟಶಾಲೆಗೂ ಹೋಗಿರಲಿಲ್ಲ. ಆದರೂ ಇರುಸು, ಗುಂಬ, ಕಡಾಣಿ, ಕೀಲೆಣ್ಣೆ, ಒಂದೊಂದಕ್ಕೂ ಅವನ ಹತ್ತಿರ ಹೆಸರಿತ್ತು. ಅದೇ ದಾರಿಯಲ್ಲಿ ನಡೆಯಿರಿ.

ಮೌಂಟ್‌ಗೆ ಆನಿಕೆ. ಆನು ಎಂದರೆ ಒರಗು, ತಾಳು. ಎಂಜಿನ್ ಯಾವುದನ್ನು ಆನಿಕೊಂಡಿದೆಯೋ ಅದು ಆನಿಕೆ. ಬುಶ್‌ಗೆ ಉಜ್ಜುಬಳೆ. ಸಸ್ಪೆನ್ಶನ್‌ಗೆ ಕಮಾನು ಇದ್ದೇ ಇದೆ, ಲಾರಿಯವರು ಇಂದಿಗೂ ಕಮಾನು ಪಟ್ಟಿ ಎನ್ನುತ್ತಾರೆ. ಅಚ್ಚಗನ್ನಡ.

ಮೈಸೂರಿನಿಂದ:

ಕಮಾನು ಫಾರ್ಸಿ. ಅಲ್ಲಿ ಕಮಾನ್ ಎಂದರೆ ಬಿಲ್ಲು. ಅಚ್ಚಗನ್ನಡ ಬೇಕಿದ್ದರೆ ಬಿಲ್ಲು ಎನ್ನಿ. ಮಹಾಪ್ರಾಣ ಕಿತ್ತುಹಾಕಿದ ಮಾತ್ರಕ್ಕೆ ಶಬ್ದದ ಮೂಲ ಬದಲಾಗುವುದಿಲ್ಲ.

ಹುಬ್ಬಳ್ಳಿಯಿಂದ:

ಸರ್, ನಾನು ಈ ಮೇಲಿಂಗ್ ಪಟ್ಟಿಯಲ್ಲಿ ಬರೆಯುವುದು ಕಡಿಮೆ, ಆದರೆ ಕೈಗೆ ಗ್ರೀಸ್ ಹತ್ತಿಸಿಕೊಂಡವನು, ಅದಕ್ಕೆ ಎರಡು ಮಾತು.

ಮೊದಲು ಉಜ್ಜುಬಳೆ. ಕಂಪನಿ ರಬ್ಬರ್ ಬುಷ್ ಉಜ್ಜುವುದೇ ಇಲ್ಲ. ಒಳಗಿನ ಕೊಳವೆ, ರಬ್ಬರ್, ಹೊರಗಿನ ಕೊಳವೆ, ಮೂರೂ ಅಂಟಿಕೊಂಡಿರುತ್ತವೆ. ಆರ್ಮ್ ಮೇಲೆ ಕೆಳಗೆ ಆಡಿದಾಗ ಆ ರಬ್ಬರ್ ತಿರುಚಿಕೊಳ್ಳುತ್ತದೆ, ಬಿಟ್ಟಾಗ ಮೊದಲಿನಂತಾಗುತ್ತದೆ. ಅದಕ್ಕೇ ಕಾರನ್ನು ಜಾಕಿ ಮೇಲೆ ಎತ್ತಿ, ಚಕ್ರ ಜೋತಾಡುವಾಗ ಬೋಲ್ಟ್ ಪೂರ್ತಿ ಟೈಟ್ ಮಾಡಬಾರದು. ಹಾಗೆ ಮಾಡಿದರೆ ಕಾರು ನೆಲಕ್ಕಿಳಿದ ಕೂಡಲೇ ರಬ್ಬರ್ ತಿರುಚಿಕೊಂಡೇ ನಿಲ್ಲುತ್ತದೆ, ಬೇಗ ಹರಿಯುತ್ತದೆ. ಭಾರ ಚಕ್ರದ ಮೇಲೆ ಬಿದ್ದ ಮೇಲೇ ಕೊನೆಯ ಟೈಟ್. ಪಾಲಿಯುರೆಥೇನ್ ಬುಷ್ ಹಾಗಲ್ಲ, ಅದು ತನ್ನ ಕೊಳವೆಯ ಸುತ್ತ ನಿಜವಾಗಿ ತಿರುಗುತ್ತದೆ, ಉಜ್ಜುತ್ತದೆ, ಸಿಲಿಕೋನ್ ಗ್ರೀಸ್ ಹಚ್ಚದಿದ್ದರೆ ಕಿರುಗುಟ್ಟುತ್ತದೆ. ಅಂದರೆ ನಿಮ್ಮ ಉಜ್ಜುಬಳೆ ಟ್ರ್ಯಾಕ್ ಬುಷ್‌ಗೆ ಸರಿ, ಕಂಪನಿ ಬುಷ್‌ಗೆ ತಪ್ಪು. ಗಡಸುತನದಲ್ಲೂ ಬಹಳ ಅಂತರ. ರಬ್ಬರ್ ಸಾಮಾನ್ಯವಾಗಿ ಶೋರ್ ಎ ಅಳತೆಯಲ್ಲಿ 50-60ರ ಆಸುಪಾಸು, ಪಾಲಿ 80ರಿಂದ 95. ಇನ್ನೊಂದು ವಿಷಯ: ಎಲ್ಲಾ ಕಡೆ ಪಾಲಿ ಹಾಕುವವರೂ ಇದ್ದಾರೆ. ಹಿಂದಿನ ಚಕ್ರವನ್ನು ಮುಂದಿನಿಂದ ಹಿಡಿದಿರುವ ಟ್ರೇಲಿಂಗ್ ಆರ್ಮ್ ತಿರುಗುವುದಷ್ಟೇ ಅಲ್ಲ, ಓರೆಯಾಗಿಯೂ ಆಡಬೇಕು. ಪಾಲಿ ಅದಕ್ಕೆ ಬಿಡುವುದಿಲ್ಲ, ಆರ್ಮ್ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಗುಂಡು ಬೇರಿಂಗೇ ಸರಿ.

ಎರಡನೆಯದು ಮೌಂಟ್. ನಮ್ಮ ಗ್ಯಾರೇಜುಗಳಲ್ಲಿ ಮೌಂಟ್ ಅನ್ನುವವರೇ ಕಡಿಮೆ. ಫೌಂಡೇಶನ್. "ಎಂಜಿನ್ ಫೌಂಡೇಶನ್ ಹೋಗಿದೆ" ಅಂದರೆ ಹುಬ್ಬಳ್ಳಿಯಲ್ಲೂ ತಿಳಿಯುತ್ತದೆ, ಕಲಾಸಿಪಾಳ್ಯದ ಸ್ಪೇರ್ ಅಂಗಡಿಯಲ್ಲೂ ತಿಳಿಯುತ್ತದೆ. ಆನಿಕೆ ಕೊಡಿ ಅಂದರೆ ಆಣೆಕಲ್ಲು ಕೊಡುತ್ತಾರೆ. ಹಳೇ ಸ್ಕೂಟರ್ ಮೆಕ್ಯಾನಿಕ್‌ಗಳ ಬಾಯಲ್ಲಿ ರಬ್ಬರ್ ಬುಷ್‌ಗೆ ಸೈಲೆಂಟ್ ಬ್ಲಾಕ್ ಅಂತಲೂ ಇದೆ.

ನಿಮ್ಮ ಗೆಳೆಯರಿಗೆ ಒಂದು ಮಾತು ಹೇಳಿ. ಗೇರ್‌ಬಾಕ್ಸ್ ಫೌಂಡೇಶನ್ ಮಾತ್ರ ಲೋಹದ್ದು ಹಾಕಿ ಎಂಜಿನ್ನಿನದು ಮೆತ್ತಗೆ ಬಿಟ್ಟರೆ ಹೊರಳುವ ಬಲವೆಲ್ಲ ಗೇರ್‌ಬಾಕ್ಸ್ ಕಿವಿಯ (ಫೌಂಡೇಶನ್ ಬೋಲ್ಟ್ ಕೂರುವ ಜಾಗದ) ಮೇಲೆ ಬೀಳುತ್ತದೆ. ಕೇಸಿಂಗ್ ಬಿರುಕು ಬಿಡುತ್ತದೆ.

ಸ್ಟುಟ್‌ಗಾರ್ಟಿನಿಂದ:

ಹುಬ್ಬಳ್ಳಿ ಅಣ್ಣನ ಪತ್ರ ಓದಿ ಖುಷಿಯಾಯಿತು. ಸೈಲೆಂಟ್‌ಬ್ಲಾಕ್ ಅನ್ನುವುದನ್ನು ಇಲ್ಲಿನ ಜರ್ಮನ್ ಮೆಕ್ಯಾನಿಕ್‌ಗಳೂ ಹೇಳುತ್ತಾರೆ, ಅದು ಮೂಲದಲ್ಲಿ ಫ್ರೆಂಚ್ ಬ್ರ್ಯಾಂಡ್ ಹೆಸರು. ಪೋರ್ಷೆಯ ಊರಲ್ಲೇ ಫ್ರೆಂಚರ ಮಾತು ನಡೆಯುತ್ತದೆ, ಯಾರಿಗೂ ಅವಮಾನ ಆಗಿಲ್ಲ.

ಇನ್ನು ಬುಷ್ ಎಂಬ ಪದಕ್ಕೂ ಪೊದೆಗೂ ಏನೂ ಸಂಬಂಧವಿಲ್ಲ. ಅದು ಹಳೆಯ ಡಚ್ಚಿನಿಂದ ಇಂಗ್ಲಿಷಿಗೆ ಬಂದದ್ದು, ಅರ್ಥ ಡಬ್ಬಿ, ಜರ್ಮನ್ನಿನಲ್ಲಿ ಬುಕ್ಸೆ. ಹಿಂದಕ್ಕೆ ಹೋದರೆ ಲ್ಯಾಟಿನ್ ಬುಕ್ಸಿಸ್, ಗ್ರೀಕ್ ಪಿಕ್ಸಿಸ್. ಬಾಕ್ಸ್ ಕೂಡ ಅದೇ ಬಳ್ಳಿಯದು. ಗೇರ್‌ಬಾಕ್ಸಿನ ಬಾಕ್ಸೂ ಬುಷ್ಷೂ ದಾಯಾದಿಗಳು! ಮೌಂಟ್‌ಗೆ ಇಲ್ಲಿ ಮೋಟೋರ್‌ಲಾಗರ್. ಲಾಗರ್ ಎಂದರೆ ಬೇರಿಂಗ್, ಗೋದಾಮು, ಶಿಬಿರ, ಎಲ್ಲವೂ. ಮಲಗುವ ಜಾಗ ಎಂಬ ಅರ್ಥದಿಂದ ಬೆಳೆದ ಮಾತು. ಒಂದೇ ಪದಕ್ಕೆ ನಾಲ್ಕು ಕೆಲಸ ಕೊಡುವುದು ತಪ್ಪಲ್ಲ. ಹಾಗಾಗಿ ಫೌಂಡೇಶನ್ ಮನೆಗೂ ಇರಲಿ, ಎಂಜಿನ್ನಿಗೂ ಇರಲಿ.

ಮೌಂಟ್ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಪೋರ್ಷೆ 911 ಕಾರಿನಲ್ಲಿ ಎಂಜಿನ್ ಹಿಂದಿನ ಆಕ್ಸಲಿಗಿಂತ ಹಿಂದೆ ಇದೆ. ಎಡಕ್ಕೆ ತಿರುಗಿ ತಕ್ಷಣ ಬಲಕ್ಕೆ ಎಳೆದರೆ ಕಾರು ಬಲಕ್ಕೆ ಬಂದಿರುತ್ತದೆ, ಮೆತ್ತನೆ ಮೌಂಟ್ ಮೇಲಿನ ಎಂಜಿನ್ ಒಂದು ಕ್ಷಣ ತಡವಾಗಿ ಬಂದು ಹಿಂಭಾಗವನ್ನು ತಳ್ಳುತ್ತದೆ. ಹಾಕೆನ್‌ಹೈಮ್‌ನಂಥ ಟ್ರ್ಯಾಕಿನಲ್ಲಿ ಇದು ಸೊಂಟಕ್ಕೇ ಗೊತ್ತಾಗುತ್ತದೆ. ಪೂರ್ತಿ ಗಟ್ಟಿ ಮೌಂಟ್ ಹಾಕಿದರೆ ಇದು ಹೋಗುತ್ತದೆ, ಆದರೆ ಮನೆಗೆ ಹೋಗುವಾಗ ಕನ್ನಡಿಯೆಲ್ಲ ನಡುಗಿ ಹಿಂದಿನ ಗಾಡಿ ಕಾಣುವುದಿಲ್ಲ. 2009ರಲ್ಲಿ ಬಂದ 911 ಜಿಟಿ3ಗೆ ಪೋರ್ಷೆಯವರೇ ಒಂದು ದಾರಿ ಹುಡುಕಿದರು. ಮೌಂಟ್ ಒಳಗೆ ಕಾಂತಕ್ಕೆ ಸ್ಪಂದಿಸುವ ಕಣಗಳಿರುವ ದ್ರವ. ಕರೆಂಟ್ ಕೊಟ್ಟಂತೆ ಅದು ಬಿಗಿಯಾಗುತ್ತದೆ, ಬಿಟ್ಟರೆ ಸಡಿಲ. ಇದಕ್ಕೆ ಆನಿಕೆ ಅನ್ನುವವರು ಯಾವ ಬಂಡಿಯಿಂದ ಪದ ತರುತ್ತಾರೋ ನೋಡೋಣ.

ಶಿವಮೊಗ್ಗದಿಂದ:

ಹೊರನಾಡಿನಲ್ಲಿ ಕೂತು ನಗುವುದು ಸುಲಬ. ಜರ‍್ಮನ್ನರಿಗೆ ಲಾಗರ್ ಅವರ ಮನೆಯ ಮಾತು, ಅದನ್ನೇ ನಾಲ್ಕು ಕಡೆ ಬಳಸಿಕೊಂಡರು. ನಾನು ಕೇಳುತ್ತಿರುವುದೂ ಅದನ್ನೇ. ನೀವು ಮಾತ್ರ ಅವರ ಬುದ್ದಿ ಬಿಟ್ಟು ಅವರ ಪದದ ಹುಟ್ಟುಕತೆ ಹೇಳುತ್ತೀರಿ. ಫವ್ಂಡೇಶನ್ ಎಂದು ಕನ್ನಡ ಲಿಪಿಯಲ್ಲಿ ಬರೆದರೆ ಅದು ಕನ್ನಡವೇ? ಹಾಗಿದ್ದರೆ ಇಂಗ್ಲಿಶ್ ಬೋರ‍್ಡನ್ನು ಪೂರಾ ಕನ್ನಡ ಅಕ್ಶರದಲ್ಲಿ ಬರೆದು ನೂರು ಪರ‍್ಸೆಂಟ್ ಎಂದುಬಿಡಿ.

ತುಮಕೂರಿನಿಂದ:

ಮೇಜು, ಕುರ್ಚಿ, ಸಾಬೂನು, ಚಾವಿ ಎಲ್ಲವನ್ನೂ ಯಾರೋ ಹೀಗೇ ತಂದಿಟ್ಟರು. ಆಗ ನಿಮ್ಮಂಥವರು ಇದ್ದಿದ್ದರೆ ಇವತ್ತು ನೆಲದ ಮೇಲೆ ಕೂತು ಬರೆಯುತ್ತಿದ್ದೆವು.

ಮೈಸೂರಿನಿಂದ:

ನೆಲದ ಮೇಲೆ ಕೂತೇ ಬರೆದವರ ಕನ್ನಡ ಇಂದಿನದಕ್ಕಿಂತ ಚೆನ್ನಾಗಿತ್ತು.

ಹುಬ್ಬಳ್ಳಿಯಿಂದ:

ಎರವಲು ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯದು ಸರ್. ಆದರೆ ಶಿವಮೊಗ್ಗದವರು ಹೇಳಿದ ಬಡಗಿ ಪದ ಹುಟ್ಟಿಸಿದ್ದು ಬಂಡಿ ಕಟ್ಟುತ್ತಾ, ಬೇರೆಯವರು ಕಟ್ಟಿದ ಬಂಡಿಗೆ ಹೆಸರಿಡುತ್ತಾ ಅಲ್ಲ. ಫೌಂಡೇಶನ್ ಅನ್ನುವುದೂ ಗ್ಯಾರೇಜಿನವರೇ ಆರಿಸಿಕೊಂಡದ್ದು. ಕಾರಿನ ಕಂಪನಿ ಪುಸ್ತಕದಲ್ಲಿ ಇರುವುದು ಮೌಂಟಿಂಗ್, ನಮ್ಮವರು ಅದನ್ನು ಬಿಟ್ಟು ಇದನ್ನು ಹಿಡಿದರು. ಅದನ್ನು ಯಾಕೆ ಕಿತ್ತುಕೊಳ್ಳಬೇಕು?

ಬೆಂಗಳೂರಿನಿಂದ:

ಎಲ್ಲರಿಗೂ ಥ್ಯಾಂಕ್ಸ್. ಗೆಳೆಯನ ಜೊತೆ ಕೂತು ಇಷ್ಟು ಮಾಡಿದ್ದೇನೆ:

"ಟ್ರ್ಯಾಕ್ ಕಾರುಗಳಿಗೆ ಸಸ್ಪೆನ್ಶನ್ ಬುಷ್ ಬದಲಾಯಿಸಿಕೊಡಲಾಗುವುದು. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಶಿಯಲ್ ಫೌಂಡೇಶನ್ ಬಿಗಿ ಮಾಡಿಕೊಡಲಾಗುವುದು."

"ಟ್ರ್ಯಾಕ್" ಅಂತ ಮೊದಲೇ ಹಾಕಿದ್ದು ಬೇಕೆಂದೇ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ, ರಸ್ತೆ ಕಾರನ್ನು ಕಂಪನಿ ಲೆಕ್ಕ ಬಿಟ್ಟು ಮಾರ್ಪಡಿಸಬಾರದು ಅಂತ. ಸುಮ್ನೆ ತಲೆನೋವು ಬೇಡ. ತಪ್ಪಿದ್ದರೆ ಇವತ್ತೇ ಹೇಳಿ.

ಮೈಸೂರಿನಿಂದ:

"ಕೊಡಲಾಗುವುದು" ಏಕೆ? ಯಾರು ಕೊಡುವವರು? ಇಂಗ್ಲಿಷಿನ ಕರ್ಮಣಿ ಪ್ರಯೋಗದ ನೆರಳು ಅದು. "ಕೊಡುತ್ತೇವೆ" ಎಂದರೆ ಸಾಕು.

ಶಿವಮೊಗ್ಗದಿಂದ:

ಇದೊಂದಕ್ಕೆ ಮಯ್ಸೂರಿನವರ ಮಾತು ಒಪ್ಪಿದೆ. ಕೊಡುತ್ತೇವೆ.

ಹುಬ್ಬಳ್ಳಿಯಿಂದ:

"ಬಿಗಿ ಮಾಡಿ" ಬೇಡ ಸರ್. ಬೋಲ್ಟ್ ಟೈಟ್ ಮಾಡಿ ಕಳಿಸುತ್ತಾರೆ ಅಂತ ತಿಳಿದು ಐವತ್ತು ರೂಪಾಯಿ ಹಿಡಿದುಕೊಂಡು ಬರುತ್ತಾರೆ. "ಗಟ್ಟಿ ಫೌಂಡೇಶನ್ ಹಾಕಿಕೊಡುತ್ತೇವೆ" ಅನ್ನಿ. ಎಂಜಿನ್ ಅನ್ನುವ ಮಾತು ಅದಕ್ಕಿಂತ ಮೊದಲು ದೊಡ್ಡದಾಗಿ ಬರಲಿ, ಇಲ್ಲದಿದ್ದರೆ ಮನೆ ಕಟ್ಟಿಸುವವರು ಫೋನ್ ಮಾಡುತ್ತಾರೆ. ಬುಷ್ ಸಾಲಿನಲ್ಲಿ "ಪಾಲಿ" ಸೇರಿಸಿ, ನಿಮ್ಮ ಗಿರಾಕಿ ಹುಡುಕುವುದು ಆ ಪದವನ್ನೇ.

ಬೆಂಗಳೂರಿನಿಂದ:

ಸೇರಿಸಿದೆ. ಫೈಲ್ ಕಳಿಸುತ್ತಿದ್ದೇನೆ.

ತುಮಕೂರಿನಿಂದ:

ಕಳಿಸುವ ಮೊದಲು ಒಂದು. ಎಂಜಿನ್ನೋ ಇಂಜಿನ್ನೋ? ನಮ್ಮ ಕಡೆ ಪಂಪ್‌ಸೆಟ್ ಅಂಗಡಿಗಳೆಲ್ಲ ಇಂಜಿನ್ ಅಂತಲೇ ಬರೆಯುತ್ತವೆ.

ಮೈಸೂರಿನಿಂದ:

ಎಂಜಿನ್. ಇದರಲ್ಲಿ ಚರ್ಚೆಗೆ ಏನಿದೆ?

ಶಿವಮೊಗ್ಗದಿಂದ:

ಜನ ಆಡುವುದು ಇಂಜಿನ್. ಆಡಿದಂತೆ ಬರೆಯಿರಿ.