ಅಪ್‌ಡೇಟ್: ನಲಿ-ಕಲಿಯಿಂದ ನಾಲ್ಕನೇ ತರಗತಿಗೆ ಬಂದ ಮಕ್ಕಳ ವ್ಯವಕಲನ

ಒಂದರಿಂದ ಮೂರನೇ ತರಗತಿಯವರೆಗೆ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಮುಗಿಸಿ ನಾಲ್ಕನೇ ತರಗತಿಗೆ ಬಂದ ಮಕ್ಕಳು ದಶಕ ಬಿಡಿಸಿ (ಹತ್ತನ್ನು ಬಿಡಿಗಳಾಗಿಸಿ) ಕಳೆಯುವ ಲೆಕ್ಕದಲ್ಲಿ ಎಡವುತ್ತಿದ್ದಾರೆ, ಎರಡೂ ಕಡೆಯ ಶಿಕ್ಷಕರು ಪಾಠಯೋಜನೆಯನ್ನು ಕೂಡಿ ಮಾಡುವುದು ಹೇಗೆ ಎಂದು ಈ ಹಿಂದೆ ಕೇಳಿದ್ದೆ. ಉತ್ತರಿಸಿದ ಗುರುಬಂಧುಗಳೆಲ್ಲರಿಗೂ ವಂದನೆಗಳು.

ವಾಟ್ಸಾಪ್ ಗುಂಪಿನಲ್ಲಿ ಯೋಜನೆ ಹಂಚಿಕೊಳ್ಳುವ ಸಲಹೆ ನಮ್ಮಲ್ಲಿ ಫಲಿಸಲಿಲ್ಲ. ಸುತ್ತೋಲೆಗಳ ನಡುವೆ ಅದು ಕಳೆದೇ ಹೋಯಿತು. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಇದಕ್ಕೆ ಸಮಯ ಸಿಗಲಿಲ್ಲ. ಫಲ ಕೊಟ್ಟದ್ದು, ಶನಿವಾರ ಶಾಲೆ ಬಿಟ್ಟ ಮೇಲೆ ಮಕ್ಕಳ ಲೆಕ್ಕದ ಪುಸ್ತಕಗಳನ್ನೇ ಮುಂದಿಟ್ಟುಕೊಂಡು ನೀವು ಮತ್ತು ನಲಿ-ಕಲಿಯ ಮೇಡಂ ಇಬ್ಬರೂ ಕೂತು ನೋಡಿ ಎಂಬ ಹಿರಿಯ ಮೇಡಂ ಒಬ್ಬರ ಸಲಹೆ.

402ರಿಂದ 178 ಕಳೆಯಲು ಕೊಟ್ಟಾಗ ಹಲವರು 376 ಎಂದು ಬರೆದಿದ್ದರು. ಅಂದರೆ ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದ್ದರು. ಅಚ್ಚರಿಯೆಂದರೆ, ಅದೇ ಮಕ್ಕಳ ಕೈಗೆ ನಲಿ-ಕಲಿಯ ಮೇಡಂ ಕಡ್ಡಿಕಟ್ಟುಗಳನ್ನು ಕೊಟ್ಟೊಡನೆ, ನೂರರ ಕಟ್ಟೊಂದನ್ನು ಬಿಚ್ಚಿ ಹತ್ತರ ಕಟ್ಟುಗಳಾಗಿಸಿ, ಅದರಲ್ಲೊಂದನ್ನು ಬಿಡಿಯಾಗಿಸಿ, 224 ಎಂದು ಸರಿಯಾಗಿಯೇ ಹೇಳಿದರು. ಅವರಿಗೆ ಲೆಕ್ಕ ತಿಳಿದಿತ್ತು, ಕಡ್ಡಿಯಿಂದ ಕಾಗದಕ್ಕೆ ದಾಟುವ ಹಂತವೊಂದು ನಮ್ಮಿಬ್ಬರ ಯೋಜನೆಗಳಲ್ಲೂ ಇರಲಿಲ್ಲ. ಆ ಹಂತವನ್ನು ಈಗ ಇಬ್ಬರೂ ಸೇರಿ ಬರೆದಿದ್ದೇವೆ: ಕಟ್ಟು ಬಿಚ್ಚಿದಾಗಲೆಲ್ಲ ಮಗು ಅದನ್ನು ಆಗಲೇ ಪುಸ್ತಕದಲ್ಲಿ ಗುರುತಿಸಬೇಕು. ಹೆಚ್ಚಿನ ಮಕ್ಕಳು ಈಗ ಕಡ್ಡಿಯಿಲ್ಲದೆಯೇ ಕಳೆಯುತ್ತಾರೆ. ಮುಂದಿನ ಶನಿವಾರಕ್ಕೆ ಭಾಗಾಕಾರವನ್ನು ಎತ್ತಿಕೊಂಡಿದ್ದೇವೆ.